ಅಜ್ಜನ ಫಿಯಾಟಿನ ಎಡಮಗ್ಗುಲು

ಕನ್ನಡ ಸಂಘದ ಗ್ರೂಪಿನಲ್ಲಿ "ರಜೆಯಲ್ಲಿ ಏನು ಮಾಡಿದಿರಿ, ಬರೆದು ಕೊಡಿ" ಅಂತ ಮೆಸೇಜ್ ಬಂದಾಗ ನಾನು ಓದಿ ಸುಮ್ಮನೆ ಕೂತಿದ್ದೆ. ಒಂದು, ಎಲ್‌ಕೆಜಿಯಿಂದ ಪಿಯುವರೆಗೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಒತ್ತಕ್ಷರ ಬಂದಲ್ಲೆಲ್ಲ ಈಗಲೂ ಸ್ವಲ್ಪ ಬ್ರೇಕ್ ಹಾಕ್ತೀನಿ. ಎರಡು, ಕ್ಲಾಸಿನವರೆಲ್ಲ ಇಂಟರ್ನ್‌ಶಿಪ್, ಪೈಥಾನ್ ಕೋರ್ಸು, ಗೋಕರ್ಣ ಟ್ರಿಪ್ಪು ಅಂತ ಬರೀತಿದ್ರು. ನಾನು ಎರಡು ತಿಂಗಳು ಕಾರಿನ ಕೆಳಗೆ ಮಲಗಿದ್ದೆ. ಅದನ್ನೇ ಬರಿ ಅಂತ ರೂಮ್‌ಮೇಟ್ ಬೆನ್ನುಹತ್ತಿದ್ದಕ್ಕೆ ಬರೀತಿದ್ದೀನಿ.

ನಮ್ಮೂರು ಬೆಳಗಾವಿ ಜಿಲ್ಲೆಯ ಮುರಗೋಡ. ನಮ್ಮನೆಯಲ್ಲಿ 1985ರ ಪ್ರೀಮಿಯರ್ ಪದ್ಮಿನಿ ಕಾರಿದೆ. ಊರಲ್ಲಿ ಯಾರೂ ಅದಕ್ಕೆ ಪದ್ಮಿನಿ ಅನ್ನೋದಿಲ್ಲ, ಎಲ್ಲರಿಗೂ ಅದು "ಫಿಯಾಟು". ಅದರಲ್ಲಿ ತಪ್ಪೂ ಇಲ್ಲ. ಇಟಲಿಯ ಫಿಯಾಟ್ 1100 ಗಾಡಿಯನ್ನೇ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು, ಪದ್ಮಿನಿ ಅನ್ನೋ ಹೆಸರು ಬಂದಿದ್ದು 1974ರಲ್ಲಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹ್ಯಾಂಡಲ್, ಮುಂದೆಯೂ ಸೋಫಾದಂಥ ಉದ್ದ ಸೀಟು. ಹತ್ತಿಗೆ ಒಳ್ಳೆ ರೇಟು ಬಂದ ವರ್ಷ ಅಜ್ಜ ಅದನ್ನು ಬೆಳಗಾವಿಯ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ನನ್ನಪ್ಪನ ಮದುವೆ, ಇಬ್ಬರು ಅತ್ತೆಯರ ಮದುವೆ, ಪ್ರತಿ ವರ್ಷ ಎಲ್ಲಮ್ಮನ ಗುಡ್ಡ, ರಾತ್ರಿ ಹೊತ್ತು ಓಣಿಯವರಿಗೆ ಹೊಟ್ಟೆನೋವು ಬಂದರೆ ಬೈಲಹೊಂಗಲದ ದವಾಖಾನೆ, ಎಲ್ಲಾ ಇದರಲ್ಲೇ. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ನಿಂತುಹೋಯ್ತು ಅಂತ ಟಿವಿಯಲ್ಲಿ ಬಂದಾಗ ಅಜ್ಜ ಒಂದೇ ಮಾತು ಅಂದ: "ಮುಂಬೈದಾಗ ಮುಗೀತಂತ. ಮುರಗೋಡದಾಗ ಇನ್ನೂ ಐತಿ."

ಇತ್ತು, ಆದರೆ ಹೆಂಗಿತ್ತು ಅಂತ ಕೇಳಬಾರದು. ದನದ ಕೊಟ್ಟಿಗೆ ಪಕ್ಕದ ಪತ್ರಾಸಿನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ನಿಂತಲ್ಲೇ ನಿಂತಿತ್ತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ನಮ್ಮದು ಈ ಡಿಸೆಂಬರಿಗೆ ಮುಗಿಯುತ್ತೆ. ಮೊದಲು ಆರು ನೂರು ಇದ್ದ ಫೀ 2022ರ ಏಪ್ರಿಲ್‌ನಿಂದ ಐದು ಸಾವಿರ ಆಗಿತ್ತು. ನಾನು ಕೆಲಸ ಶುರು ಮಾಡಿದ ಮೇಲೆ, 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ ಹತ್ತು ಸಾವಿರ ಅಂತ ಹೊಸ ಆದೇಶ ಬಂತು. (ಐವತ್ತು ವರ್ಷ ದಾಟಿದರೆ ವಿಂಟೇಜ್ ಅಂತ ಬೇರೆ ಲೆಕ್ಕ, 2021ರ ನಿಯಮದ ಪ್ರಕಾರ ನಂಬರ್ ಪ್ಲೇಟಿನಲ್ಲಿ "ವಿಎ" ಅಂತಲೂ ಸಿಗುತ್ತೆ. ನಮ್ಮದಕ್ಕೆ ನಲವತ್ತು. ಮುದುಕಿಯೂ ಅಲ್ಲ, ಹುಡುಗಿಯೂ ಅಲ್ಲ.) ಅಪ್ಪನಿಗೆ ಸಾಕಾಗಿತ್ತು. ಮೋಡಕಾದವನನ್ನ ಕರೆಸಿ ತೋರಿಸಿದ್ದ. ಅವನು ಟೈರಿಗೊಂದು ಒದ್ದು, ಇಪ್ಪತ್ತೆರಡು ಸಾವಿರ ಅಂದ. ಅಜ್ಜ ಕಟ್ಟೆ ಮೇಲೆ ಕೂತು ಕೇಳಿಸಿಕೊಂಡ, ಏನೂ ಅನ್ನಲಿಲ್ಲ. ಅವನು ಏನೂ ಅನ್ನದೇ ಇದ್ದದ್ದೇ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಈ ರಜೆ ಒಂದು ನನಗ ಕೊಡು. ಬಾಡಿ ಕೆಲಸ ನಾ ಮಾಡ್ತೀನಿ. ಆಗ್ಲಿಲ್ಲಂದ್ರ ಮೋಡಕಾಕ್ಕ ಹಾಕು" ಅಂದೆ. ಎಂಜಿನ್ ಬಗ್ಗೆ ಚಿಂತೆ ಇರಲಿಲ್ಲ. ಬ್ಯಾಟರಿ ಹಾಕಿ ಕಾರ್ಬುರೇಟರ್ ತೊಳೆದರೆ ಅದು ಇವತ್ತೂ ಸ್ಟಾರ್ಟ್ ಆಗುತ್ತೆ. ತೊಂದರೆ ಇದ್ದದ್ದು ತಗಡಿನಲ್ಲಿ. ಅಪ್ಪ ನಕ್ಕು, "ಮೆಕ್ಯಾನಿಕಲ್ ಓದೂದಂದ್ರ ಗ್ಯಾರೇಜ್ ಕೆಲಸ ಅಲ್ಲವಾ ಅದು" ಅಂದ. ಅವ್ವ ಮಾತ್ರ "ಹಳೇ ಚೂಡಿದಾರ ಹಾಕ್ಕೊ" ಅಂದಳು. ಅನುಮತಿ ಸಿಕ್ಕಿತು ಅಂತ ತಿಳಕೊಂಡೆ.

ಎಡಗಡೆಯಿಂದ ಶುರು ಮಾಡಿದೆ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೂ ಪೆಟ್ಟಿಗೆ ಥರದ ಒಂದು ಭಾಗ ಇರುತ್ತೆ, ಪುಸ್ತಕದಲ್ಲಿ ಸಿಲ್ ಅಂತಾರೆ. ಅಲ್ಲಿ ಪೇಂಟ್ ಬೊಬ್ಬೆ ಬಂದಿತ್ತು. ಫ್ರಿಜ್ ಮೇಲಿನ ಮ್ಯಾಗ್ನೆಟ್ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಹಚ್ಚುತ್ತಾ ಹೋದೆ. ಬಾನೆಟ್ ಮೇಲೆ ಗಟ್ಟಿಯಾಗಿ ಹಿಡೀತು. ಬಾಗಿಲ ಮೇಲೂ ಹಿಡೀತು. ಸಿಲ್ ಮೇಲೆ ಇಟ್ಟರೆ ಪಟ್ ಅಂತ ಕೆಳಗೆ ಬಿತ್ತು. ಒಂದು ಗೇಣು ಮುಂದೆ ಇಟ್ಟೆ, ಮತ್ತೆ ಬಿತ್ತು. ಬೆರಳಿನ ಗೆಣ್ಣಿನಿಂದ ಬಡಿದರೆ ಟಣ್ ಅನ್ನಬೇಕಾದ ತಗಡು ದಬ್ ದಬ್ ಅಂತು. ಕಬ್ಬಿಣ ಇರಬೇಕಾದಲ್ಲಿ ಇದ್ದದ್ದು ಪುಟ್ಟಿ.

ನನಗೆ ಆಶ್ಚರ್ಯ ಆಗಿದ್ದು ಪುಟ್ಟಿಗಲ್ಲ. ಹಳೇ ಗಾಡಿಗೆ ಪುಟ್ಟಿ ಇದ್ದೇ ಇರುತ್ತೆ. ಆದರೆ ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ ಮಾತೊಂದಿತ್ತು: "ಸಣ್ಣಾಕಿ ಮದುವಿಗೆ ನಲವತ್ತು ಸಾವಿರ ಕೊಟ್ಟು ಎರಡೂ ಮಗ್ಗಲಾ ಹೊಸಾ ತಗಡು ಹಾಕ್ಸೇವಿ." ಸಣ್ಣತ್ತೆಯ ಮದುವೆ 2016ರ ಮೇ ತಿಂಗಳಲ್ಲಿ. ಆಗ ನನಗೆ ಹತ್ತು ವರ್ಷ. ಕಾರು ಬೆಳ್ಳಗೆ ಫಳಫಳ ಅಂತ ವಾಪಸ್ ಬಂದದ್ದು, ಥಿನ್ನರ್ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದದ್ದು, ಬಾನೆಟ್ ಮೇಲೆ ಚೆಂಡು ಹೂವಿನ ಮಾಲೆ, ಎಲ್ಲಾ ನೆನಪಿದೆ. ಗ್ಯಾರೇಜಿಗೆ ಒಯ್ದು ಮಾಡಿಸಿಕೊಂಡು ಬಂದವನು ಅಪ್ಪ.

ಗ್ರೈಂಡರಿಗೆ ವೈರ್ ಬ್ರಶ್ ಹಾಕಿ, ಮಾಸ್ಕ್ ಕಟ್ಟಿಕೊಂಡು ಕೆರೆದೆ. ಹಳೇ ಪೇಂಟಿನ ಪುಡಿ ಒಳ್ಳೇದಲ್ಲ, ಮಾಸ್ಕ್ ಇಲ್ಲದೆ ಯಾರೂ ಕೈ ಹಾಕಬೇಡಿ. ಅಂಚಿನಲ್ಲಿ ಪಾಲಿಶ್ ಪೇಪರ್ ತಿಕ್ಕಿದಾಗ ಮರದ ಕಾಂಡದಲ್ಲಿ ಕಾಣೋ ಉಂಗುರದ ಹಾಗೆ ಒಂದೊಂದೇ ಬಣ್ಣ ಬಿಟ್ಟುಕೊಂಡವು. ಮೇಲೆ 2016ರ ಬಿಳಿ, ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ತಿಳಿನೀಲಿ, ಆಮೇಲೆ ಕಂದು ಪ್ರೈಮರ್. ಡಾಕ್ಟರರ ಕಾಲದಲ್ಲಿ ಇದು ನೀಲಿ ಕಾರು ಅಂತ ನಮ್ಮನೆಯಲ್ಲಿ ಅಜ್ಜನೊಬ್ಬನಿಗೆ ಗೊತ್ತಿತ್ತು. ಪುಟ್ಟಿ ಒಂದು ಕಡೆ ನನ್ನ ಹೆಬ್ಬೆರಳಿನಷ್ಟು ದಪ್ಪ. ಅದರ ಹಿಂದೆ ಕೈಗೆ ಸಿಕ್ಕಿದ್ದು ತಗಡಲ್ಲ, ಮಡಚಿ ತುರುಕಿದ ನ್ಯೂಸ್ ಪೇಪರು. ತೂತಿಗೆ ಪೇಪರ್ ತುಂಬಿ, ಮೇಲೆ ಜಾಳಿಗೆ ಹಾಕಿ, ಪುಟ್ಟಿ ಮೆತ್ತಿದ್ದರು. ಒಳಗಿನ ಹಾಳೆ ಇನ್ನೂ ಓದಲು ಬರುತ್ತಿತ್ತು. ಏಪ್ರಿಲ್ 2016. ಒಂದು ಕಡೆ ಸಿನಿಮಾ ಜಾಹೀರಾತು, ಇನ್ನೊಂದು ಕಡೆ ಬರ, ಕುಡಿಯುವ ನೀರಿನ ಟ್ಯಾಂಕರು.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಹೇಳಬೇಕು. ಫಸ್ಟ್ ಇಯರಿನಲ್ಲಿ ಕೊರೋಶನ್ ಮಾಡ್ಯೂಲ್ ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಡಿಫರೆನ್ಷಿಯಲ್ ಏರೇಶನ್? ಒಂದೇ ಲೋಹದ ಒಂದು ಭಾಗಕ್ಕೆ ಆಕ್ಸಿಜನ್ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಸಿಕ್ಕರೆ, ಕಡಿಮೆ ಸಿಕ್ಕ ಕಡೆ ಆನೋಡ್ ಆಗಿ ಅದೇ ತಿಂದುಹೋಗುತ್ತೆ. ನಾನು ಐದು ಮಾರ್ಕಿಗೆ ಚಿತ್ರ ಸಮೇತ ಬರೆದಿದ್ದೆ. ಆದರೆ ಅದು ನಮ್ಮ ಮಡಗಾರ್ಡಿನ ಒಳಗೇ ನಡೀತಿದೆ ಅಂತ ಹೊಳೆದಿರಲಿಲ್ಲ. ನಮ್ಮದು ಯರಿ ಮಣ್ಣಿನ ಸೀಮೆ. ಮಳೆಗಾಲದಲ್ಲಿ ಹೊಲದ ದಾರಿಗೆ ಹೋಗಿ ಬಂದರೆ ಚಕ್ರದ ಗೂಡಿಗೆ ಮಣ್ಣು ಅಂಟಿಕೊಂಡು ಕೂರುತ್ತೆ, ನೀರು ಬಿಡೋದಿಲ್ಲ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ. ಗಾಳಿ ಆಡುವ ತಗಡು ಚೆನ್ನಾಗಿರುತ್ತೆ, ಮಣ್ಣಿನ ಕೆಳಗಿನ ತಗಡು ಸದ್ದಿಲ್ಲದೆ ಹೋಗುತ್ತೆ. ತುಕ್ಕು ಅನ್ನೋದು ಪುಸ್ತಕದ ಕನ್ನಡ, ನಮ್ಮೂರಲ್ಲಿ ಜಂಗ ಅಂತಾರೆ. "ಮಣ್ಣ ಕುಂತಲ್ಲಿ ಜಂಗ ಹತ್ತತೈತಿ, ತೊಳೀರಿ ಅಂತ ಬಡಕೊಂಡೆ" ಅಂತ ಅಜ್ಜ ಯಾವಾಗಲೂ ಬೈಯುತ್ತಿದ್ದದ್ದು ಇದನ್ನೇ. ಐದು ಮಾರ್ಕು ಅವನಿಗೂ ಕೊಡಬೇಕು.

ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸಿತು. ಸಿಲ್‌ನ ಅಡಿಯಲ್ಲಿ ನೀರು ಇಳಿದುಹೋಗಲಿ ಅಂತ ಸಣ್ಣ ತೂತುಗಳಿರುತ್ತವೆ. 2016ರ ಪುಟ್ಟಿ ಅವುಗಳನ್ನೂ ಮುಚ್ಚಿತ್ತು. ಅಂದರೆ ಒಂಬತ್ತು ವರ್ಷ ಬಾಗಿಲ ಸಂದಿಯಿಂದ ಇಳಿದ ಮಳೆನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ, ಪೇಪರು ಅದನ್ನು ಹೀರಿಕೊಂಡು ಕೂತಿತ್ತು. ಮುಂಚೆ ನಾಲ್ಕು ಕಡೆ ತೂತಿದ್ದ ತಗಡು ಈಗ ಪೂರ್ತಿ ಹಪ್ಪಳ. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತಿತ್ತು.

ಪೇಪರನ್ನು ಬಿಸಿಲಿಗೆ ಒಣಗಿಸಿ ಟೂಲ್ ಡಬ್ಬಿಯಲ್ಲಿಟ್ಟೆ. ಅಜ್ಜನಿಗೆ ತೋರಿಸಲಿಲ್ಲ. ಅವನಿಗೆ ಎಂಬತ್ತೊಂದು, ಕಣ್ಣು ಮಂಜು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸದ್ದು ಕೇಳುತ್ತಾ ಕೂರುತ್ತಿದ್ದ. "ಎಲ್ಲೀತನಾ ಬಂತವಾ?" ಅಂತ ಗಂಟೆಗೊಮ್ಮೆ ಕೇಳ್ತಿದ್ದ. "ಬರಾಕತ್ತೈತಿ ಅಜ್ಜಾ" ಅಂತಿದ್ದೆ.

ಈಗ ನನ್ನ ಪೆದ್ದತನದ ಕಥೆ. ಕೊಳೆತ ತಗಡನ್ನೆಲ್ಲ ಕತ್ತರಿಸಿ ತೆಗೆದು ಹೊಸದು ಹಾಕೋಣ ಅಂತ, ಮುಂದೊಂದು ಹಿಂದೊಂದು ಸ್ಟ್ಯಾಂಡ್ ಕೊಟ್ಟು ಕಾರು ಎತ್ತಿ, ಕಟಿಂಗ್ ವ್ಹೀಲ್ ಹಾಕಿ ಒಂದೇ ಮಧ್ಯಾಹ್ನ ಮೂರು ಅಡಿ ಸಿಲ್ ಕತ್ತರಿಸಿಬಿಟ್ಟೆ. ಸಂಜೆ ಮುಂದಿನ ಬಾಗಿಲು ಹಾಕಲು ಹೋದರೆ ಹಾಕಿಕೊಳ್ಳಲಿಲ್ಲ. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದು ಮೇಲ್ಗಡೆ ಮುಚ್ಚಿಹೋಗಿತ್ತು, ಕೆಳಗೆ ಬಾಯಿ ಬಿಟ್ಟಿತ್ತು. ಲಾರಿಗೋ ಟ್ರ್ಯಾಕ್ಟರ್ ಟ್ರಾಲಿಗೋ ಆದರೆ ಕೆಳಗೆ ಬೇರೆ ಚಾಸಿ ಇರುತ್ತೆ. ಪದ್ಮಿನಿ ಮೊನೊಕಾಕ್, ಅದರ ಮೈಯೇ ಅದರ ಎಲುಬು. ನಾನು ಎಲುಬು ಕತ್ತರಿಸಿದ್ದೆ, ಕಾರು ನಡುವಲ್ಲಿ ಜೋತುಬಿದ್ದಿತ್ತು. ಎರಡು ತಿಂಗಳ ನಂತರ ಮೂರನೇ ಸೆಮ್ಮಿನಲ್ಲಿ ಸರ್ ಬೋರ್ಡ್ ಮೇಲೆ ಸಿಂಪ್ಲಿ ಸಪೋರ್ಟೆಡ್ ಬೀಮ್ ಬರೆದು "ಮೇಲೆ ಕಂಪ್ರೆಶನ್, ಕೆಳಗೆ ಟೆನ್ಶನ್" ಅಂದಾಗ ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ನಕ್ಕಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತೆರಡು ಸಾವಿರಕ್ಕೂ ಯಾರೂ ಕೊಳ್ಳದ ಹಾಗೆ ಮಾಡಿಬಿಟ್ಟೆ ಅಂತ ಹೆದರಿದೆ. ಬೆಳಿಗ್ಗೆ ಬಸ್ ಹತ್ತಿ ಬೈಲಹೊಂಗಲಕ್ಕೆ ಹೋಗಿ, ಅಜ್ಜನ ಪರಿಚಯದ ಒಬ್ಬ ಹಳೇ ಡೆಂಟಿಂಗ್ ಚಾಚಾನನ್ನು ಹುಡುಕಿದೆ. ಅವರು ಗ್ಯಾರೇಜ್ ಮಗನಿಗೆ ಬಿಟ್ಟು ಮನೆಯಲ್ಲಿದ್ದರು. ಫೋಟೊ ನೋಡಿ, "ಅಯ್ಯ ಬೇಟಿ, ಪೇಷಂಟ್‌ನ ನಿಂದ್ರಿಸಿ ಆಪರೇಶನ್ ಮಾಡಿಯಲ್ಲ" ಅಂತ ಹೇಳಿ, ಮಗನ ಟೆಂಪೊದಲ್ಲಿ ಗ್ಯಾಸ್ ಸೆಟ್ ಹಾಕಿಕೊಂಡು ಬಂದೇಬಿಟ್ಟರು.

ಅವರು ಮೊದಲು ವೆಲ್ಡಿಂಗ್ ಮುಟ್ಟಲಿಲ್ಲ. ಕಾರಿನ ನಡುವಿಗೆ ಕಟ್ಟಿಗೆ ಹಲಗೆ ಇಟ್ಟು ಜಾಕ್ ಹಚ್ಚಿದರು. ಕಾಲು ಸುತ್ತು ತಿರುಗಿಸೋದು, ಹೋಗಿ ಬಾಗಿಲ ಸಂದು ನೋಡೋದು, ಮತ್ತೆ ಕಾಲು ಸುತ್ತು. ಅಳತೆಗೆ ಎರಡು ರೂಪಾಯಿಯ ಮೂರು ನಾಣ್ಯ ಜೋಡಿಸಿ ಸಂದಿನೊಳಗೆ ತೂರಿಸಿ ಮೇಲಿಂದ ಕೆಳಗೆ ಎಳೆದರು. ಒಂದೇ ಬಿಗಿಯಲ್ಲಿ ಜಾರಿದಾಗ, "ಈಗ ಕಾರು ನೆಟ್ಟಗ ನಿಂತೈತಿ" ಅಂದರು. ಆಮೇಲೆ ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಆಂಗಲ್ ತುಂಡು ವೆಲ್ಡ್ ಮಾಡಿದರು, ಮತ್ತೆ ಜೋತುಬೀಳದ ಹಾಗೆ. ಇದನ್ನು ನಾನು ಕತ್ತರಿಸೋ ಮುಂಚೆ ಮಾಡಬೇಕಿತ್ತು. ಮನೆಯಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ಇದೊಂದು ನೆನಪಿಡಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟಿದ್ದೀಯಾ, ಬ್ಯಾಟರಿ ತೆಗೆದಿದ್ದೀಯಾ ಅಂತ ಚಾಚಾ ಮೂರು ಸಲ ಕೇಳಿದರು. ಅಷ್ಟು ಬುದ್ಧಿ ನನಗಿತ್ತು.

ಪದ್ಮಿನಿಯ ಸಿಲ್ ಈಗ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ತಗಡು ತಂದು ಮಡಚಬೇಕು. ಜಂಗ ಹತ್ತಲ್ಲ ಅಂತ ನಾನು ಜಿಐ ತಗಡು ತಂದಿದ್ದೆ. ಚಾಚಾ ಅದನ್ನು ಬದಿಗೆ ಸರಿಸಿದರು. "ಇದನ್ನ ಸುಟ್ಟರ ಬಿಳಿ ಹೊಗಿ ಬರ್ತೈತಿ. ಅದನ್ನ ಕುಡದ್ರ ರಾತ್ರಿ ಥಂಡಿ ಜ್ವರ." ಅದು ಸತು, ಅಂದರೆ ಜಿಂಕ್, ಆವಿಯಾಗಿ ಬರೋ ಹೊಗೆ. ಬೆಳಗಾವಿಯ ಉದ್ಯಮಬಾಗದಿಂದ 20 ಗೇಜಿನ ಸಿಆರ್ ತಗಡು ತರಿಸಿದೆವು, ಟ್ರಾಲಿ ಮಾಡೋ ಅಂಗಡಿಯಲ್ಲಿ ಮಡಚಿಸಿದೆವು. ಬೆಸುಗೆಯನ್ನು ಒಂದೇ ಸಮನೆ ಎಳೆಯೋ ಹಾಗಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲಿ ದೂರದಲ್ಲೊಂದು ಚುಕ್ಕೆ, ಪಕ್ಕಕ್ಕೆ ಒದ್ದೆ ಅರಿವೆ. ಇಲ್ಲದಿದ್ದರೆ ಕಾಯ್ದ ತಗಡು ರೊಟ್ಟಿ ಹಾಗೆ ಉಬ್ಬುತ್ತೆ. ನಾನು ಮಾಡಿದ ಮೊದಲ ಐದು ಚುಕ್ಕೆಗಳಲ್ಲಿ ಮೂರು ತೂತಾದವು. "ತೂತು ಬಿದ್ದಲ್ಲೇ ಕಲಿಯೂದು" ಅಂತ ಚಾಚಾ ಅಂದರೂ ಆರನೆಯದಕ್ಕೆ ಗ್ಯಾಸ್ ತಾವೇ ಇಸಗೊಂಡರು.

ಮಧ್ಯಾಹ್ನ ಚಹಾ ಕುಡಿಯುತ್ತಾ, ಕಿತ್ತು ಹಾಕಿದ ಪುಟ್ಟಿಯ ಗಡ್ಡೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಎಷ್ಟು ಕೊಟ್ಟಿದ್ರಂತ?"

"ನಲವತ್ತು ಸಾವಿರ."

ಚಾಚಾ ನಗಲಿಲ್ಲ. "ಇದು ಆರೇಳು ಸಾವಿರದ ಕೆಲಸ. ಮಾಡಿದಾಂವನ ತಪ್ಪಲ್ಲ ಬೇಟಿ. ರೊಕ್ಕಕ್ಕ ತಕ್ಕಂಗ ಮಾಡ್ಯಾನ."

ಅಜ್ಜ ಆಗ ಒಳಗೆ ಮಲಗಿದ್ದ. ನಾನು ಚಹಾದ ಕಪ್ಪು ತೊಳೆಯೋ ನೆಪದಲ್ಲಿ ಎದ್ದೆ.

ಅಪ್ಪ ಹುಬ್ಬಳ್ಳಿಯಲ್ಲಿ ಬೀಜದ ಕಂಪನಿಯಲ್ಲಿ ಕೆಲಸ ಮಾಡ್ತಾನೆ, ಶನಿವಾರ ರಾತ್ರಿ ಬರ್ತಾನೆ. ಆ ಶನಿವಾರ ಶೆಡ್ಡಿಗೆ ಬಂದು, ಟಾರ್ಚ್ ಹಾಕಿ ಹೊಸ ತಗಡು ನೋಡಿ, "ಚಲೋ ಆಗೇತಲ್ಲ" ಅಂದ. ಸ್ಪ್ಯಾನರ್ ಏನೋ ತೆಗೆಯಲು ಡಬ್ಬಿ ತೆರೆದ. ಪೇಪರ್ ಮೇಲೇ ಇತ್ತು. ತೆಗೆದಿಡಬೇಕಿತ್ತು, ಮರೆತಿದ್ದೆ. ಅಥವಾ ಮರೆತಿರಲಿಲ್ಲವೋ ಏನೋ.

"ಇದೆಲ್ಲಿ ಸಿಕ್ತು?"

"ಎಡಮಗ್ಗಲದಾಗ. ಪುಟ್ಟಿ ಕೆಳಗ."

"ಅಜ್ಜಗ ತೋರ್ಸಿಯೇನು?"

"ಇಲ್ಲ."

ಅಪ್ಪ ಪೇಪರನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ವಾಪಸ್ ಇಟ್ಟ. ಊಟಕ್ಕೆ ಕರೆದರೆ ಹಸಿವಿಲ್ಲ ಅಂದ. ನನಗೆ ಒಂಥರಾ ಗೆದ್ದಂತೆ ಅನಿಸಿತ್ತು, ನಿಜ ಹೇಳ್ತೀನಿ. ಅಪ್ಪನ ತಪ್ಪು ಹಿಡಿದೆ ಅಂತ. ಆ ಖುಷಿ ಹಾಸಿಗೆಗೆ ಹೋಗೋವರೆಗೂ ಉಳಿಯಲಿಲ್ಲ.

ಬೆಳಿಗ್ಗೆ ಆರಕ್ಕೆ ಶೆಡ್ಡಿನಿಂದ ಸರ್ ಸರ್ ಅಂತ ಸದ್ದು. ರಾತ್ರಿ ಜಿಟಿಜಿಟಿ ಮಳೆ ಬಂದು, ಪ್ರೈಮರ್ ಹೊಡೆಯದೆ ಬಿಟ್ಟಿದ್ದ ಹೊಸ ತಗಡೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಒಂದೇ ರಾತ್ರಿಯಲ್ಲಿ! ಅಪ್ಪ ಬನಿಯನ್ ಮೇಲೆ ಕೂತು ಪಾಲಿಶ್ ಪೇಪರಿನಿಂದ ಅದನ್ನು ತಿಕ್ಕುತ್ತಿದ್ದ. ನಾನೂ ಒಂದು ತುಂಡು ತಗೊಂಡು ಪಕ್ಕದಲ್ಲಿ ಕೂತೆ. ಸುಮಾರು ಹೊತ್ತಿನ ಮೇಲೆ ಅವನೇ ಹೇಳಿದ, ನನ್ನ ಮುಖ ನೋಡದೆ. ಆ ವರ್ಷ ಬರ. ಮದುವೆಗೆ ಒಂದು ತಿಂಗಳಿತ್ತು, ಕಬ್ಬು ನಿಂತಲ್ಲೇ ಒಣಗುತ್ತಿತ್ತು. ಬೋರು ಹಾಕಿಸಿದರು. ಐನೂರ ಇಪ್ಪತ್ತು ಅಡಿ ಹೋದರೂ ಬರೀ ಧೂಳು. ಬೋರಿನ ಏಜೆಂಟ್ ರೊಕ್ಕ ಕೊಡದೆ ಗಾಡಿ ಕದಲಿಸಲ್ಲ ಅಂತ ಹೊಲದಲ್ಲೇ ಕೂತ. ಅಪ್ಪನ ಕಿಸೆಯಲ್ಲಿದ್ದದ್ದು ಕಾರಿಗೆ ಅಂತ ಅಜ್ಜ ಕೊಟ್ಟ ನಲವತ್ತು ಸಾವಿರ. ಮೂವತ್ತಮೂರು ಅಲ್ಲಿ ಹೋಯ್ತು. ಉಳಿದದ್ದರಲ್ಲಿ ಪುಟ್ಟಿ, ಪೇಂಟು. ಅಜ್ಜನಿಗೆ, ಬೋರಿನವಗ ಕಬ್ಬಿನ ಬಿಲ್ ಬಂದಮ್ಯಾಲ ಕೊಡೂದೈತಿ ಅಂತ ಹೇಳಿದ್ದ.

"ಮುಂದಿನ ವರ್ಷ ತಗಡು ಹಾಕ್ಸಿದ್ರಾತು ಅಂತ ಅನ್ಕೊಂಡಿದ್ದೆ" ಅಂದ. ಆ ಮುಂದಿನ ವರ್ಷ ನನ್ನನ್ನ ಹೊಸ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದ ವರ್ಷ. ಅವನು ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ.

ನಾಷ್ಟಾ ಮುಗಿದ ಮೇಲೆ ಅಜ್ಜ ಬಂದು ಕುರ್ಚಿಯಲ್ಲಿ ಕೂತ. ಅಪ್ಪ ಕೈ ಒರೆಸಿಕೊಂಡು ಅವನ ಮುಂದೆ ಹೋಗಿ ನಿಂತ. ನಾನು ಕಾರಿನ ಕೆಳಗೆ ಹೊಕ್ಕೆ, ಅಲ್ಲಿ ಕೆಲಸ ಏನೂ ಇರಲಿಲ್ಲ. ಎಲ್ಲಾ ಕೇಳಿಸುತ್ತಿತ್ತು. ಅಪ್ಪ ಮೂರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ.

"ಹಂಗಾರ ಬೋರಿನ ರೊಕ್ಕ ತೀರೇತಿ ಅನ್ನು."

"ಹೂಂ ಅಪ್ಪಾ. ಅವತ್ತ ತೀರೇತಿ."

"ಲೇ, ಒಂಬತ್ತ ವರ್ಷ ಆತು. ಆ ಏಜೆಂಟ ಸಂತ್ಯಾಗ ಎದುರಿಗೆ ಬಂದ್ರ, ಬಾಕಿ ಕೇಳತಾನು ಅಂತ ನಾ ಮಾರಿ ತಿರಿವಿ ಹೋಗಾಕತ್ತಿದ್ನೆಲ್ಲೋ! ಅವಾ ಏನ ತಿಳಕೊಂಡಾನೋ ಏನೋ."

ಅಪ್ಪ ನಗುತ್ತಿದ್ದನೋ ಇಲ್ಲವೋ ನನಗೆ ಕಾರಿನ ಕೆಳಗಿಂದ ಕಾಣಲಿಲ್ಲ, ಅವನ ಕಾಲು ಮಾತ್ರ ಕಾಣ್ತಿತ್ತು. ಆಮೇಲೆ ಅಜ್ಜ ತನ್ನ ಕೋಲಿನಿಂದ ಹೊಸ ಸಿಲ್ ಮೇಲೆ ಎರಡು ಸಲ ಬಡಿದ. ಟಣ್, ಟಣ್. "ಬಲಮಗ್ಗಲಾನೂ ಹಂಗ ಐತೇನು?" ಅಂತ ಕೇಳಿದ.

ಹಂಗೇ ಐತಿ. ಬಲಗಡೆಯೂ ಅದೇ ಪುಟ್ಟಿ, ಬಹುಶಃ ಅದೇ ದಿನದ ಪೇಪರು. ಅದನ್ನು ಇನ್ನೂ ಬಿಚ್ಚಿಲ್ಲ, ರಜೆ ಮುಗಿದುಹೋಯ್ತು. ಎಡಗಡೆ ರೆಡ್ ಆಕ್ಸೈಡ್ ಹೊಡೆದು, ಸಿಲ್‌ನ ಒಳಕ್ಕೆ ಹಳೇ ಎಂಜಿನ್ ಆಯಿಲ್ ಬಿಟ್ಟು, ನೀರಿಳಿಯೋ ತೂತುಗಳಲ್ಲಿ ಸೈಕಲ್ ತಾರು ಆಡಿಸಿ ಬಂದಿದ್ದೀನಿ. ಈಗ ಪ್ರತಿ ಭಾನುವಾರ ಅಪ್ಪ ಬಲಗಡೆಯ ಫೋಟೊ ಕಳಿಸ್ತಾನೆ, ಆಂಗಲ್ ಎಲ್ಲಿ ಹಚ್ಚಬೇಕು ಅಂತ ನಾನು ಗೆರೆ ಎಳೆದು ವಾಪಸ್ ಕಳಿಸ್ತೀನಿ. ಹೋದ ವಾರ ಅವನು ನಾಣ್ಯ ಇಟ್ಟು ಸಂದು ಅಳೆದ ವಿಡಿಯೊ ಕಳಿಸಿದ್ದ. ಹಿಂದಿನಿಂದ "ಇನ್ನಾ ಸ್ವಲ್ಪ ಎತ್ತು, ಇನ್ನಾ ಸ್ವಲ್ಪ" ಅಂತ ಅಜ್ಜನ ದನಿ. ಅವನಿಗೆ ಸಂದು ಕಾಣೋದೇ ಇಲ್ಲ!

ಬಣ್ಣ ತಿಳಿನೀಲಿ ಅಂತ ತೀರ್ಮಾನ ಆಗಿದೆ. ಡಿಸೆಂಬರ್ ಒಳಗೆ ಮುಗಿಸಬೇಕು, ಹತ್ತು ಸಾವಿರದಲ್ಲಿ ಅರ್ಧ ಸಣ್ಣತ್ತೆ ಕೊಡ್ತೀನಿ ಅಂದಿದ್ದಾಳೆ. ಹಿಂದಿನ ಎಡ ಬಾಗಿಲಿನ ರಬ್ಬರ್ ಬೀಡಿಂಗ್ ಮಾತ್ರ ಎಲ್ಲೂ ಸಿಕ್ಕಿಲ್ಲ. ನಿಮ್ಮ ಯಾರ ಊರಲ್ಲಾದರೂ ಹಳೇ ಪದ್ಮಿನಿ ಮೋಡಕಾಕ್ಕೆ ಹೋಗುತ್ತಿದ್ದರೆ, ಹೋಗೋ ಮುಂಚೆ ಸಂಘದ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ.